ಹೊಳೆಯ ದನಿ, ಕೆರೆಯ ದನಿ

ಅಡುಗೆಮನೆಯಿಂದ ಕಾಫಿಯ ಪರಿಮಳ ಹಜಾರದವರೆಗೆ ಬಂದು ಮುಟ್ಟುವ ಹೊತ್ತಿಗೆ ಸರಿಯಾಗಿ, ಗೋಡೆಗೂಡಿನಲ್ಲಿಟ್ಟ ಬಾನುಲಿಯ ಪೆಟ್ಟಿಗೆಯಿಂದ ತಂಬೂರಿಯ ಶ್ರುತಿಯ ಮೇಲೆ ಪಿಟೀಲಿನ ಆ ಪರಿಚಿತ ಸಂಕೇತಸ್ವರ ಎದ್ದು, ಎದುರುಮನೆಯ ಪೆಟ್ಟಿಗೆಯಿಂದಲೂ ಬೀದಿಯ ಕೊನೆಯ ಹೋಟೆಲಿನ ಪೆಟ್ಟಿಗೆಯಿಂದಲೂ ಅದೇ ಸ್ವರ ಒಂದಿನಿತೂ ಹಿಂದುಮುಂದಾಗದೆ ಹೊರಟು ಬಂದು, ಇಡೀ ಬೀದಿಗೆ ಒಂದೇ ದನಿಯಾಗಿ ಹಬ್ಬುತ್ತಿದ್ದ ಕಾಲವನ್ನು ಕಂಡವರು ನಮ್ಮ ನಡುವೆ ಇನ್ನೂ ಅನೇಕರಿದ್ದಾರೆ. ವಾರ್ತೆಗೆ ಮುನ್ನ ಕೇಳಿಬರುವ ಕಾಲಸೂಚಕ ನಾದಕ್ಕೆ ಕಿವಿಗೊಟ್ಟು, ಕುರ್ಚಿಯ ಮೇಲೆ ನಿಂತು, ಗೋಡೆಯ ಗಡಿಯಾರದ ಮುಳ್ಳನ್ನು ಸರಿಪಡಿಸುವುದು ಅಂದಿನ ಗೃಹಸ್ಥರಿಗೆ ಸಂಧ್ಯಾವಂದನೆಯಷ್ಟೇ ಕ್ರಮಬದ್ಧವಾದ ನಿತ್ಯಕರ್ಮವಾಗಿತ್ತು.

ಮೈಸೂರಿನಲ್ಲಿರುವ ನಮ್ಮ ಸೋದರಮಾವ ಎಂಬತ್ತು ದಾಟಿದ ಮೇಲೂ ಆ ಕರ್ಮವನ್ನು ಬಿಟ್ಟವರಲ್ಲ. ಆದರೆ ನೆರೆಹೊರೆಯಲ್ಲಿ ಎಲ್‌ಇಡಿ ದೀಪಗಳೂ ಇನ್ವರ್ಟರುಗಳೂ ಮೊಬೈಲ್ ಚಾರ್ಜರುಗಳೂ ಹೆಚ್ಚಿದಂತೆಲ್ಲ, ಅವು ಹೊರಚೆಲ್ಲುವ ವಿದ್ಯುತ್ತಿನ ಗದ್ದಲ ಮೀಡಿಯಂ ವೇವಿನ ಮೇಲೆ ಕವಿದುಕೊಂಡು, ಬೆಂಗಳೂರು ಆಕಾಶವಾಣಿಯ ದನಿ ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದಿನ ಹಿಂದೆ ಮರೆಯಾಗತೊಡಗಿತು. ಒಂದು ದಿನ ಮಾವ ತಮ್ಮ ಮೊಬೈಲನ್ನು ನನ್ನ ಕೈಗಿತ್ತು, "ಏನಯ್ಯಾ, ಈ ಫೋನಲ್ಲೇ ರೇಡಿಯೋ ಬರತ್ತಂತಲ್ಲ, ಯಾವುದು ಹಾಕ್ಕೋಬೇಕು ಹೇಳು. ಬೆಳಗಿನ ವಾರ್ತೆನೂ ಬರಬೇಕು, ನಿಮ್ಮತ್ತೆಗೆ ಹಳೇ ನಾಟಕಗಳೂ ಬೇಕು" ಎಂದರು.

ಕ್ಷಣಾರ್ಧದಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆಯೆಂದು ನಾನು ಭಾವಿಸಿದೆ. ಕೈಗೆ ಸಿಕ್ಕಿದ ಒಂದು ಆಪನ್ನು ಹಾಕಿಕೊಟ್ಟೆ. ಅದು ತಪ್ಪಾಯಿತೆಂಬುದು ತಿಳಿಯಲು ಒಂದು ವಾರವೂ ಬೇಕಾಗಲಿಲ್ಲ. ಮಾವನ ಆ ಒಂದು ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಅಡಗಿದ್ದುವು. ಅವುಗಳನ್ನು ಬಿಡಿಸುವ ಮುನ್ನ ಆ ಹಳೆಯ ಪೆಟ್ಟಿಗೆಯ ಕಡೆಗೊಮ್ಮೆ ನೋಡಬೇಕು.

ಪೆಟ್ಟಿಗೆ ಕೇಳುಗನದಾಗಿದ್ದ ಕಾಲ

ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರಸಾರ ಯಂತ್ರವನ್ನು ಹೂಡಿ ಬಾನುಲಿ ನಿಲಯವನ್ನು ಆರಂಭಿಸಿದರು. ನಾ. ಕಸ್ತೂರಿಯವರು ಸೂಚಿಸಿದರೆಂದು ಪ್ರತೀತಿಯಿರುವ 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದ ಹೊರಟು, 1950ರ ದಶಕದಲ್ಲಿ ಅಖಿಲ ಭಾರತದ ಸರ್ಕಾರೀ ಬಾನುಲಿಗೇ ಹೆಸರಾಯಿತು. ಆ ನಿಲಯವನ್ನು ಕೇಳಿದವರ ಮನೆಯಲ್ಲಿದ್ದ ಪೆಟ್ಟಿಗೆಗಳು ಪ್ರಾಧ್ಯಾಪಕರು ಮಾಡಿಕೊಟ್ಟವುಗಳಲ್ಲ. ನಿಲಯವನ್ನು ನಡೆಸಿದವರಿಗೂ ಪೆಟ್ಟಿಗೆಯನ್ನು ತಯಾರಿಸಿದವರಿಗೂ ಪರಸ್ಪರ ಪರಿಚಯವೂ ಇರಲಿಲ್ಲ. ಅವರಿಬ್ಬರ ನಡುವೆ ಇದ್ದ ಸಂಬಂಧವೆಲ್ಲ ಒಂದು ಸಂಖ್ಯೆ ಮಾತ್ರ. ಬೆಂಗಳೂರಿಗೆ 612 ಕಿಲೋಹರ್ಟ್ಸ್, ಧಾರವಾಡಕ್ಕೆ 765. ಮುಳ್ಳನ್ನು ಅಲ್ಲಿಗೆ ತಿರುಗಿಸಿದರೆ ಮುಗಿಯಿತು.

ಈ ಸಾಮಾನ್ಯ ಸಂಗತಿಯಲ್ಲಿ ಎಂತಹ ಸ್ವಾತಂತ್ರ್ಯವಿತ್ತೆಂಬುದು ಅದನ್ನು ಕಳೆದುಕೊಂಡ ಮೇಲೆ ನಮಗೆ ಅರಿವಾಗುತ್ತಿದೆ. ಮರ್ಫಿಯ ಪೆಟ್ಟಿಗೆಯಾಗಲಿ ಫಿಲಿಪ್ಸ್ ಪೆಟ್ಟಿಗೆಯಾಗಲಿ ಧಾರವಾಡವನ್ನೂ ಮದರಾಸನ್ನೂ ಸಿಲೋನನ್ನೂ ಭೇದವಿಲ್ಲದೆ ಹಿಡಿದುಕೊಡುತ್ತಿತ್ತು. ಸರ್ಕಾರ ಅಂಚೆ ಕಚೇರಿಯ ಮೂಲಕ ವರ್ಷಕ್ಕೊಮ್ಮೆ ಲೈಸೆನ್ಸಿನ ಶುಲ್ಕವನ್ನು ವಸೂಲು ಮಾಡುತ್ತಿದ್ದುದು ನಿಜ. ಆದರೆ ಮನೆಯವರು ಯಾವ ಹೊತ್ತಿಗೆ ಯಾವ ನಿಲಯವನ್ನು ಕೇಳಿದರು, ಯಾವ ಹಾಡನ್ನು ಅರ್ಧಕ್ಕೆ ನಿಲ್ಲಿಸಿದರು ಎಂಬುದು ಆ ಸರ್ಕಾರಕ್ಕೂ ತಿಳಿಯುತ್ತಿರಲಿಲ್ಲ. ಇಂದು ಒಂದೊಂದು ಸಂಸ್ಥೆಗೂ ತನ್ನದೇ ಆಪು, ಒಂದರಲ್ಲಿ ಬರುವುದು ಇನ್ನೊಂದರಲ್ಲಿ ಬಾರದು, ಕೇಳುವ ಮುನ್ನ ಹೆಸರನ್ನೂ ಫೋನ್ ನಂಬರನ್ನೂ ಕೊಡಬೇಕು, ಕೇಳಿದ್ದೆಲ್ಲವೂ ಎಲ್ಲಿಯೋ ದಾಖಲಾಗುತ್ತಿರುತ್ತದೆ. ಆದಕಾರಣ ಧ್ವನಿಯ ತಂತ್ರಾಂಶವನ್ನು ಅರಸಿ ಹೊರಡುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇದು ಆ ಹಳೆಯ ಪೆಟ್ಟಿಗೆಯ ಜಾತಿಗೆ ಸೇರಿದ್ದೇ, ಅರ್ಥಾತ್ ಇದು ಕೇಳುಗನ ವಸ್ತುವೇ ಅಥವಾ ಪ್ರಸಾರ ಮಾಡುವವನ ವಸ್ತುವೇ, ಎಂಬುದೆಂದು ನನ್ನ ದೃಢವಾದ ಅಭಿಪ್ರಾಯ.

ಹೊಳೆಗೊಂದು ಕ್ರಮ, ಕೆರೆಗೊಂದು ಕ್ರಮ

ಮಾವನಿಗೆ ಬೇಕಾದ ಬೆಳಗಿನ ವಾರ್ತೆ ಹೊಳೆಯ ನೀರಿನಂಥದು. ಅದು ನಮಗಾಗಿ ನಿಲ್ಲುವುದಿಲ್ಲ. ನಾವು ಬೊಗಸೆಯೊಡ್ಡಿದ ಕ್ಷಣದಲ್ಲಿ ಹರಿದುಬಂದದ್ದಷ್ಟೇ ನಮ್ಮದು. ಅತ್ತೆಗೆ ಬೇಕಾದ ಹಳೆಯ ನಾಟಕ ಕೆರೆಯ ನೀರು; ಎಂದೋ ಬಂದು ನಿಂತದ್ದು, ಬೇಕಾದಾಗ ಹೋಗಿ ತುಂಬಿಕೊಳ್ಳಬಹುದಾದದ್ದು. ಎರಡೂ ಕಿವಿಗೆ ಒಂದೇ ತೆರನಾಗಿ ಕೇಳಿಸುವುದರಿಂದ ಒಂದೇ ತಂತ್ರಾಂಶ ಎರಡಕ್ಕೂ ಸಾಲುವುದೆಂದು ನಾವು ನಂಬುತ್ತೇವೆ. ಆದರೆ ಹೊಳೆಯಲ್ಲಿ ನೀರು ಮೊಗೆಯುವವನ ಅಗತ್ಯಗಳೇ ಬೇರೆ, ಕೆರೆಯ ನೀರನ್ನು ಬಳಸುವವನ ಅಗತ್ಯಗಳೇ ಬೇರೆ.

ಹೊಳೆಯ ವಿಷಯವನ್ನು ಮೊದಲು ನೋಡೋಣ. ನಿಲಯದ ಧ್ವನಿ ಅಂಕಿಗಳಾಗಿ ಮಾರ್ಪಟ್ಟು ಒಂದು ಸರ್ವರಿಗೆ ಹೋಗಿ, ಅಲ್ಲಿಂದ ಕೇಳುಗರೊಬ್ಬೊಬ್ಬರಿಗೂ ಪ್ರತ್ಯೇಕ ಪ್ರತಿಯಾಗಿ ಹೊರಡುತ್ತದೆ. ಆಕಾಶದ ತರಂಗಕ್ಕೆ ಒಬ್ಬ ಕೇಳಿದರೂ ಲಕ್ಷ ಜನ ಕೇಳಿದರೂ ಒಂದೇ ಭಾರ. ಅಂತರಜಾಲಕ್ಕೆ ಹಾಗಲ್ಲ, ಕೇಳುವವರು ಹೆಚ್ಚಿದಂತೆ ಹೊರೆಯೂ ವೆಚ್ಚವೂ ಏರುತ್ತವೆ. ದಾರಿಯಲ್ಲಿ ಸಂಚಾರ ಒಮ್ಮೆ ದಟ್ಟವಾಗಿಯೂ ಒಮ್ಮೆ ವಿರಳವಾಗಿಯೂ ಇರುವುದರಿಂದ, ಕೇಳುವ ತಂತ್ರಾಂಶ ಬಂದದ್ದನ್ನೆಲ್ಲ ತಕ್ಷಣ ನುಡಿಸಿಬಿಡದೆ, ಕೆಲವು ಕ್ಷಣಗಳ ಧ್ವನಿಯನ್ನು ತನ್ನ ಹಂಡೆಯಲ್ಲಿ ತುಂಬಿಟ್ಟುಕೊಂಡು, ಹಂಡೆಯ ಕೊಳಾಯಿಯಿಂದ ಸಮವಾಗಿ ಬಿಡುತ್ತದೆ. ಈ ಹಂಡೆಗೇ ಬಫರ್ ಎಂದು ಹೆಸರು. ಹಂಡೆ ಬರಿದಾದಾಗ ಪರದೆಯ ಮೇಲೆ ಚಕ್ರ ತಿರುಗತೊಡಗುತ್ತದೆ.

2009ರಲ್ಲಿ ಆಪಲ್ ಸಂಸ್ಥೆ ಹೊರತಂದ ಎಚ್‌ಎಲ್‌ಎಸ್ ಎಂಬ ಕ್ರಮ ಇಂದು ಬಹುವಾಗಿ ಬಳಕೆಯಲ್ಲಿದೆ. ಇದರಲ್ಲಿ ಹರಿಯುವ ಧ್ವನಿಯನ್ನು ಆರೋ ಹತ್ತೋ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಆ ತುಂಡುಗಳ ಪಟ್ಟಿಯೊಂದನ್ನು ಆಗಾಗ ಹೊಸದಾಗಿಸುತ್ತಿರುತ್ತಾರೆ. ಪ್ಲೇಯರು ಎರಡು ಮೂರು ತುಂಡುಗಳನ್ನು ಕೂಡಿಹಾಕಿಕೊಂಡ ಬಳಿಕವೇ ನುಡಿಸಲಾರಂಭಿಸುತ್ತದೆ. ಲೆಕ್ಕ ಸರಳ: ಹತ್ತು ಸೆಕೆಂಡಿನ ಮೂರು ತುಂಡು ಎಂದರೆ ಅರ್ಧ ನಿಮಿಷದ ವಿಳಂಬ. ಕ್ರಿಕೆಟ್ಟಿನ ವೀಕ್ಷಕ ವಿವರಣೆಯನ್ನು ಮೊಬೈಲಿನಲ್ಲಿ ಕೇಳುವವನಿಗೆ, ಬ್ಯಾಟಿಗೆ ಚೆಂಡು ತಾಗುವ ಮೊದಲೇ ಪಕ್ಕದ ಮನೆಯಿಂದ ಚಪ್ಪಾಳೆಯ ಸದ್ದು ಕೇಳಿಬರುವುದಕ್ಕೆ ಇದೇ ಕಾರಣ.

ಕಿವಿ ಬಿಟ್ಟದ್ದನ್ನು ಬಿಡುವ ವಿದ್ಯೆ

ಇಷ್ಟೊಂದು ಧ್ವನಿ ಇಷ್ಟು ಸಣ್ಣ ನಾಳದಲ್ಲಿ ಹೇಗೆ ಹರಿದುಬರುತ್ತದೆಂಬುದು ತಾನಾಗಿ ಏಳುವ ಪ್ರಶ್ನೆ. ಧ್ವನಿಯ ಸಿಡಿಯಲ್ಲಿ ಸೆಕೆಂಡಿಗೆ 44,100 ಬಾರಿ ಅಲೆಯ ಎತ್ತರವನ್ನು ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್ಟುಗಳಲ್ಲಿ, ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ ಬರೆದಿರುತ್ತಾರೆ. ಒಂದು ಗಂಟೆಗೆ ಸುಮಾರು 635 ಮೆಗಾಬೈಟ್ ಆಯಿತು. ಇದನ್ನು ಹಾಗೆಯೇ ಕಳಿಸಹೊರಟರೆ ನಮ್ಮ ಮೊಬೈಲಿನ ದಿನದ ಡೇಟಾದ ಬಹುಪಾಲು ಎರಡು ಗಂಟೆಯಲ್ಲಿ ಮುಗಿಯುತ್ತದೆ.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಸಂಗಡಿಗರು ರೂಪಿಸಿದ ಎಂಪಿ-3 ವಿಧಾನ ಮನುಷ್ಯನ ಕಿವಿಯ ಒಂದು ದೌರ್ಬಲ್ಯವನ್ನು ಆಶ್ರಯಿಸಿದೆ. ದೇವಸ್ಥಾನದಲ್ಲಿ ನಗಾರಿ ಮೊಳಗುವಾಗ ಪಕ್ಕದಲ್ಲಿ ನಿಂತವನ ಪಿಸುಮಾತು ನಮಗೆ ಕೇಳಿಸದು. ಕೇಳಿಸದ ಆ ಪಿಸುಮಾತನ್ನು ಬರೆದಿಡುವುದೇತಕ್ಕೆ? ದೊಡ್ಡ ಸದ್ದಿನ ಮರೆಯಲ್ಲಿ ಅಡಗಿಹೋಗುವ ಸಣ್ಣ ಸದ್ದುಗಳನ್ನು ಗಣಿತದಿಂದ ಕಂಡುಹಿಡಿದು ಕೈಬಿಟ್ಟರೆ, ಹತ್ತು ಪಾಲಿನ ಧ್ವನಿ ಒಂದು ಪಾಲಿನಲ್ಲಿ ಅಡಕವಾಗುತ್ತದೆ. ಸ್ವಾರಸ್ಯದ ಸಂಗತಿಯೆಂದರೆ, ಬ್ರಾಂಡೆನ್‌ಬುರ್ಗರನ್ನು ಹೆಚ್ಚು ಸತಾಯಿಸಿದ್ದು ವಾದ್ಯವೃಂದವಲ್ಲ. ಸುಝನ್ ವೇಗಾ ಎಂಬಾಕೆ ಯಾವ ಪಕ್ಕವಾದ್ಯವೂ ಇಲ್ಲದೆ ಹಾಡಿದ 'ಟಾಮ್ಸ್ ಡೈನರ್' ಎಂಬ ಹಾಡು. ಒಂಟಿಯಾದ ಮನುಷ್ಯಕಂಠದಲ್ಲಿ ಆದ ಅಲ್ಪ ವಿಕಾರವನ್ನೂ ನಮ್ಮ ಕಿವಿ ಹಿಡಿದುಬಿಡುತ್ತದೆ. ಆ ಹಾಡು ಸರಿಯಾಗಿ ಕೇಳಿಸುವವರೆಗೆ ಅವರು ತಮ್ಮ ಗಣಿತವನ್ನು ತಿದ್ದುತ್ತಲೇ ಹೋದರು. ಬಾನುಲಿಯ ಬಹುಪಾಲು ಕಂಠವೇ ಆದ್ದರಿಂದ ಈ ಶ್ರಮದ ಫಲ ನಮಗೆ ವಿಶೇಷವಾಗಿ ಸಲ್ಲುತ್ತದೆ.

ಓದುಗರು ನೆನಪಿಡಬೇಕಾದ ಅಂಕಿಗಳು ಕೆಲವೇ. ಸೆಕೆಂಡಿಗೆ 128 ಕಿಲೋಬಿಟ್ಟಿನ ಹರಿವು ಗಂಟೆಗೆ ಸುಮಾರು 58 ಮೆಗಾಬೈಟ್ ಹಿಡಿಯುತ್ತದೆ, 64ರದು ಸುಮಾರು 29. ದಿನಕ್ಕೆ ಎರಡು ಗಂಟೆಯಂತೆ 64ರ ಹರಿವನ್ನು ತಿಂಗಳಿಡೀ ಕೇಳಿದರೂ ಎರಡು ಗಿಗಾಬೈಟ್ ದಾಟುವುದಿಲ್ಲ. ಭಾಷಣಕ್ಕೂ ನಾಟಕಕ್ಕೂ 64 ಧಾರಾಳವಾಗಿ ಸಾಕು. ಸಂಗೀತಕ್ಕೆ, ಅದರಲ್ಲಿಯೂ ವೀಣೆಯಂತಹ ಸೂಕ್ಷ್ಮನಾದಕ್ಕೆ, 128 ಇದ್ದರೆ ಲೇಸು. ಎಎಸಿ, 2012ರಲ್ಲಿ ಪ್ರಮಾಣಿತವಾದ ಓಪಸ್ ಮೊದಲಾದ ಅನಂತರದ ವಿಧಾನಗಳು ಇನ್ನೂ ಕಡಿಮೆಯಲ್ಲಿ ಇನ್ನೂ ಚೆನ್ನಾಗಿ ಕೇಳಿಸುತ್ತವೆ. ಇವೆಲ್ಲವನ್ನೂ ತೆರೆಯಬಲ್ಲ ಪ್ಲೇಯರನ್ನೇ ಆರಿಸಿಕೊಳ್ಳಬೇಕು.

ಚೀಟಿಯನ್ನೇ ಹಾಡೆಂದು ಭಾವಿಸಿ

ಹೊಸಬರು ಹೆಚ್ಚಾಗಿ ಎಡವುವ ಜಾಗವಿದು. ನಿಲಯದ ಕೊಂಡಿಯನ್ನು ಒತ್ತಿದಾಗ ಎಂ3ಯು ಅಥವಾ ಪಿಎಲ್‌ಎಸ್ ಎಂದು ಕೊನೆಗೊಳ್ಳುವ ಕಡತವೊಂದು ಇಳಿದುಬರುತ್ತದೆ. ಕಾರ್ಯಕ್ರಮವೇ ಕೈಸೇರಿತೆಂದು ಸಂತೋಷಪಟ್ಟು ನೋಡಿದರೆ ಅದರ ತೂಕ ಕೆಲವು ನೂರು ಅಕ್ಷರಗಳಿಗಿಂತ ಹೆಚ್ಚಿಲ್ಲ. ಅದು ಹಾಡಲ್ಲ, ಹಾಡು ಎಲ್ಲಿ ಹರಿಯುತ್ತಿದೆಯೆಂದು ತಿಳಿಸುವ ವಿಳಾಸದ ಚೀಟಿ. ಅದನ್ನು ಜೋಪಾನವಾಗಿ ಪೆನ್‌ಡ್ರೈವಿಗೆ ಹಾಕಿ, ಅಂತರಜಾಲವಿಲ್ಲದ ಹಳ್ಳಿಗೆ ಒಯ್ದು, ದನಿ ಬರಲಿಲ್ಲವೆಂದು ಪೇಚಾಡಿದವರನ್ನು ನಾನು ಬಲ್ಲೆ.

ಆದರೆ ಈ ಚೀಟಿಯೇ ನಿಜವಾದ ನಿಧಿ. ಹಳೆಯ ಪೆಟ್ಟಿಗೆಗೆ 612 ಎಂಬ ಸಂಖ್ಯೆ ಹೇಗೋ ಇಂದಿನ ಪ್ಲೇಯರಿಗೆ ಈ ವಿಳಾಸ ಹಾಗೆ. ಅದನ್ನು ಬಲ್ಲವನಿಗೆ ನಿಲಯದ ಆಪಿನ ಹಂಗಿಲ್ಲ. ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ 'ಮೀಡಿಯಾ' ಪಟ್ಟಿಯೊಳಗೆ ಜಾಲದ ಹರಿವನ್ನು ತೆರೆಯುವ ಆಜ್ಞೆಯಿದೆ; ವಿಳಾಸವನ್ನು ಅಲ್ಲಿ ಅಂಟಿಸಿದರೆ ಸಾಕು, ಮೈಸೂರಾಗಲಿ ಮ್ಯೂನಿಕ್ ಆಗಲಿ ದನಿ ತೆರೆದುಕೊಳ್ಳುತ್ತದೆ. ಪ್ಯಾರಿಸಿನ ಎಕೋಲ್ ಸಾಂತ್ರಾಲ್ ಎಂಬ ವಿದ್ಯಾಲಯದಲ್ಲಿ 1996ರಲ್ಲಿ ವಿದ್ಯಾರ್ಥಿಗಳು ತಮ್ಮ ಆವರಣದ ಜಾಲದಲ್ಲಿ ಚಿತ್ರವನ್ನು ಹರಿಸಲೆಂದು ಕೈಗೊಂಡ ಕೆಲಸವೇ ಬೆಳೆದು ವಿಎಲ್‌ಸಿ ಆಯಿತು. 2001ರಲ್ಲಿ ಅದನ್ನು ಮುಕ್ತ ತಂತ್ರಾಂಶವಾಗಿ ಲೋಕಕ್ಕೆ ಒಪ್ಪಿಸಿದರು. ರಸ್ತೆಯಲ್ಲಿ ಅಡ್ಡವಿಡುವ ಕಿತ್ತಳೆಬಣ್ಣದ ಶಂಕುವೇ ಅದರ ಗುರುತು. ಜಾಹೀರಾತಿಲ್ಲ, ಹಣ ಕೇಳುವುದಿಲ್ಲ, ಹೆಸರು ಕೇಳುವುದಿಲ್ಲ.

ವಿಳಾಸಗಳನ್ನು ಹುಡುಕುವುದೆಲ್ಲಿ? ಸ್ವಯಂಸೇವಕರು ಕೂಡಿ ನಡೆಸುತ್ತಿರುವ ರೇಡಿಯೋ ಬ್ರೌಸರ್ ಎಂಬ ಮುಕ್ತ ಕೋಶವೊಂದಿದೆ. ದೇಶ, ಭಾಷೆ, ಊರುಗಳ ಪ್ರಕಾರ ಅದರಲ್ಲಿ ನಿಲಯಗಳನ್ನು ಅರಸಬಹುದು. ಆಂಡ್ರಾಯ್ಡ್ ಫೋನಿನಲ್ಲಿ 'ಟ್ರಾನ್ಸಿಸ್ಟರ್' ಎಂಬ ಮುಕ್ತ ಆಪು ಆ ಕೋಶವನ್ನು ಬಳಸಿಕೊಳ್ಳುತ್ತದೆ, ವಿಳಾಸವನ್ನು ನೇರವಾಗಿ ಕೊಟ್ಟರೂ ಸ್ವೀಕರಿಸುತ್ತದೆ. ನೆದರ್ಲೆಂಡಿನಲ್ಲಿ ಹುಟ್ಟಿ 2016ರಲ್ಲಿ ಎಲ್ಲರಿಗೂ ತೆರೆದ ರೇಡಿಯೋ ಗಾರ್ಡನ್‌ನಲ್ಲಿ ಭೂಗೋಲವನ್ನು ಬೆರಳಿಂದ ತಿರುಗಿಸಿ, ಹಸಿರು ಚುಕ್ಕೆಯನ್ನು ಮುಟ್ಟಿ, ಆ ಊರಿನ ನಿಲಯವನ್ನು ಕೇಳಬಹುದು. ಮುಳ್ಳನ್ನು ತಿರುಗಿಸುತ್ತ ಗುರುತಿಲ್ಲದ ಭಾಷೆಯೊಂದರ ಮೇಲೆ ಅಕಸ್ಮಾತ್ತಾಗಿ ನಿಲ್ಲುತ್ತಿದ್ದ ಬಾಲ್ಯದ ಬೆರಗು ನನಗೆ ಅಲ್ಲಿ ಮರಳಿ ದೊರೆಯಿತು. ಪ್ರಸಾರ ಭಾರತಿಯವರ ನ್ಯೂಸ್‌ಆನ್‌ಏರ್ ಆಪಿನಲ್ಲಿ ದೇಶದ ನಾನಾ ಭಾಷೆಗಳ ಆಕಾಶವಾಣಿ ನಿಲಯಗಳು ಒಂದೆಡೆ ದೊರೆಯುತ್ತವೆ. ಆಕಾಶವಾಣಿಯಷ್ಟೇ ಸಾಕೆನ್ನುವವರಿಗೆ ಅದು ಹತ್ತಿರದ ದಾರಿ.

ಇಲ್ಲಿ ಸ್ವಲ್ಪ ಹಿಂದಿನ ಕಥೆಯನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. 1995ರಲ್ಲಿ ಅಮೆರಿಕದ ಪ್ರೋಗ್ರೆಸಿವ್ ನೆಟ್‌ವರ್ಕ್ಸ್ ಸಂಸ್ಥೆ ರಿಯಲ್‌ಆಡಿಯೋ ಎಂಬ ವಿಧಾನವನ್ನು ಹೊರತಂದು, ಸೆಕೆಂಡಿಗೆ 14.4 ಕಿಲೋಬಿಟ್ಟಿನ ಬಡ ಮೋಡೆಮ್ಮಿನಲ್ಲಿಯೂ ಬಾನುಲಿಯನ್ನು ಹರಿಸಿ ತೋರಿತು. ಅದು ಅದ್ಭುತವೇ ಸರಿ. ಆದರೆ ಆ ವಿಧಾನದ ಒಳಗುಟ್ಟು ಒಂದು ಸಂಸ್ಥೆಯ ಸ್ವತ್ತಾಗಿತ್ತು. ಕಾಲಕ್ರಮದಲ್ಲಿ ನಿಲಯಗಳು ಬೇರೆ ವಿಧಾನಗಳಿಗೆ ಹೊರಳಿದುವು, ಪ್ಲೇಯರು ಬಳಕೆ ತಪ್ಪಿತು. ಆ ರೂಪದಲ್ಲಿ ಉಳಿಸಿಟ್ಟ ಧ್ವನಿಗಳು ಬೀಗದ ಕೈ ಕಳೆದ ಪೆಟಾರಿಯಂತಾದುವು. ಯಾರೋ ಪರೋಪಕಾರಿಗಳು ಮುಕ್ತ ತಂತ್ರಾಂಶದಲ್ಲಿ ಅದನ್ನು ತೆರೆಯುವ ಉಪಾಯವನ್ನು ಕಂಡುಕೊಂಡದ್ದರಿಂದ ಅನೇಕವು ಉಳಿದುಕೊಂಡಿವೆ. ಎಂಪಿ-3ರ ಹಕ್ಕುಪತ್ರಗಳ ಪರವಾನಗಿ ವ್ಯವಹಾರ 2017ರಲ್ಲಿ ಮುಗಿದು ಅದೀಗ ಎಲ್ಲರ ಸ್ವತ್ತಾಗಿದೆ. ಮನೆಯ ಸಂಗ್ರಹಕ್ಕೆ ಅದನ್ನೇ ನಾನು ಸೂಚಿಸುತ್ತೇನೆ.

ನಿಂತ ಜಾಗದ ನೆನಪು

ಇನ್ನು ಅತ್ತೆಯ ನಾಟಕ. ನಾನು ಮೊದಲು ಹಾಕಿಕೊಟ್ಟ ಆಪಿನಲ್ಲಿ ನಾಟಕವೇನೋ ಬಂದಿತು. ಆದರೆ ಮುಕ್ಕಾಲು ಗಂಟೆಯ ನಾಟಕದಲ್ಲಿ ಅರ್ಧ ಗಂಟೆ ಕಳೆದಾಗ ಚಿಕಾಗೋದಲ್ಲಿರುವ ಮಗಳ ಕರೆ ಬಂದು, ಮಾತು ಮುಗಿಸಿ ಅತ್ತೆ ಮರಳಿ ಒತ್ತಿದರೆ, ನಾಟಕ ಮೊದಲ ದೃಶ್ಯದಿಂದ ಆರಂಭವಾಯಿತು. ಬೆರಳಿನಿಂದ ಗೆರೆಯ ಮೇಲೆ ಮುಂದಕ್ಕೆ ಎಳೆಯಹೋದರೆ ಮುದಿಬೆರಳಿನ ಕೂದಲೆಳೆಯ ಕಂಪನಕ್ಕೆ ಹತ್ತು ನಿಮಿಷ ಹಾರಿಹೋಗುತ್ತಿತ್ತು. ಮೂರು ಬಾರಿ ಹೀಗಾದ ಮೇಲೆ ಅವರು ಫೋನನ್ನು ಮಗುಚಿಟ್ಟು, "ಬಿಡಪ್ಪಾ, ನನಗೆ ಇದೆಲ್ಲ ಬರಲ್ಲ" ಎಂದರು. ಬಾರದೆ ಇದ್ದದ್ದು ಅವರಿಗಲ್ಲ. ಯಂತ್ರದ ಲೋಪವನ್ನು ತಮ್ಮ ಲೋಪವೆಂದು ವಯಸ್ಸಾದವರು ಒಪ್ಪಿಕೊಂಡು ಹಿಂದೆ ಸರಿಯುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಸಂಗೀತಕ್ಕಾಗಿ ಮಾಡಿದ ಪ್ಲೇಯರುಗಳ ಸ್ವಭಾವವೇ ಇದು. ನಾಲ್ಕು ನಿಮಿಷದ ಚಿತ್ರಗೀತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವುಗಳನ್ನು ರೂಪಿಸಿದ್ದಾರೆ. ಹಾಡು ನಿಂತರೆ ಮೊದಲಿನಿಂದ ಕೇಳಿದರೆ ನಷ್ಟವೇನು ಎಂಬುದು ಅಲ್ಲಿನ ತರ್ಕ. ಬಾನುಲಿಯ ನಾಟಕ, ಹರಿಕಥೆ, ರೂಪಕ, ಉಪನ್ಯಾಸಗಳಿಗೆ ಆ ತರ್ಕ ಸಲ್ಲದು. ಪುಸ್ತಕದಲ್ಲಿ ಗುರುತಿನ ಚೀಟಿ ಇಡುವಂತೆ ಒಂದೊಂದು ಕಡತಕ್ಕೂ ನಿಂತ ಜಾಗವನ್ನು ಪ್ರತ್ಯೇಕವಾಗಿ ನೆನಪಿಡುವ ಗುಣ ಇಲ್ಲಿ ಮೊದಲನೆಯದಾಗಿ ಬೇಕು. ಕಂಪ್ಯೂಟರಿನ ಐಟ್ಯೂನ್ಸ್ ಎಂಬ ಪ್ಲೇಯರಿನಲ್ಲಿ ಈ ಸೌಲಭ್ಯವಿದ್ದರೂ ಕಡತದ ವಿವರಗಳ ಒಳಗೆ ಹುದುಗಿರುತ್ತದೆ, ಹುಡುಕಿ ಗುರುತು ಹಾಕಬೇಕು. ಫೋನಿನಲ್ಲಿ ಸುಲಭವಾದ ದಾರಿಯೆಂದರೆ ಶ್ರವ್ಯಪುಸ್ತಕಗಳಿಗಾಗಿಯೇ ಮಾಡಿದ ಪ್ಲೇಯರನ್ನು ನಾಟಕಗಳಿಗೂ ಬಳಸುವುದು. 'ವಾಯ್ಸ್' ಎಂಬ ಮುಕ್ತ ಆಪಾಗಲಿ, 'ಸ್ಮಾರ್ಟ್ ಆಡಿಯೋಬುಕ್ ಪ್ಲೇಯರ್' ಆಗಲಿ ನಿಂತ ಜಾಗವನ್ನು ಮರೆಯುವುದಿಲ್ಲ. ಹಿಂದಕ್ಕೆ ಕೆಲವು ಸೆಕೆಂಡು ಜರುಗಿಸುವ ದೊಡ್ಡ ಗುಂಡಿ, ವೇಗವನ್ನು ಕುಗ್ಗಿಸುವ ಅನುಕೂಲ, ನಿದ್ರೆ ಬಂದ ಮೇಲೆ ತಾನೇ ನಿಲ್ಲುವ ಗಡುವು, ಇವೂ ಅಂತಹ ಆಪುಗಳಲ್ಲಿ ಇರುತ್ತವೆ. ಕಂಪ್ಯೂಟರಿನಲ್ಲಿ ದೊಡ್ಡ ಸಂಗ್ರಹವಿರುವವರಿಗೆ ಫೂಬಾರ್ 2000 ಒಳ್ಳೆಯದು. 1997ರಲ್ಲಿ ಬಂದು ಒಂದು ಪೀಳಿಗೆಯನ್ನೇ ಆಕರ್ಷಿಸಿದ ವಿನ್‌ಆಂಪಿನ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಪೀಟರ್ ಪಾವ್ಲೋವ್‌ಸ್ಕಿ ಎಂಬವರು ಅದರ ಕರ್ತೃ. ನೋಡಲು ಬಡಕಲು, ಕೆಲಸದಲ್ಲಿ ಗಟ್ಟಿ.

ಫೋನಿನಲ್ಲಿ ಕೇಳುವವರು ಇನ್ನೊಂದನ್ನು ಗಮನಿಸಬೇಕು. ಬ್ಯಾಟರಿಯನ್ನು ಉಳಿಸುವ ಉದ್ದೇಶದಿಂದ ಅನೇಕ ಫೋನುಗಳು ಪರದೆ ಆರಿದೊಡನೆ ಹಿನ್ನೆಲೆಯ ಆಪುಗಳನ್ನು ನಿಲ್ಲಿಸಿಬಿಡುತ್ತವೆ. ದನಿ ಹತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತಿದ್ದರೆ ನಿಲಯವನ್ನು ದೂರುವ ಮುನ್ನ, ಸೆಟ್ಟಿಂಗ್ಸಿನಲ್ಲಿ ಬ್ಯಾಟರಿಯ ಭಾಗಕ್ಕೆ ಹೋಗಿ ಆ ಪ್ಲೇಯರಿಗೆ ನಿರ್ಬಂಧವಿಲ್ಲವೆಂದು ಗುರುತು ಹಾಕುವುದು ಒಳಿತು.

ಮನೆಬಾಗಿಲಿಗೆ ಬರುವ ಕೊಡ

ಹೊಳೆಗೂ ಕೆರೆಗೂ ನಡುವೆ ಪಾಡ್‌ಕಾಸ್ಟ್ ಎಂಬ ಮೂರನೆಯದೊಂದಿದೆ. ಕೊಡದಲ್ಲಿ ತುಂಬಿ ಬಾಗಿಲಿಗೆ ತಂದಿಡುವ ನೀರು. ನಿಲಯ ಅಥವಾ ವ್ಯಕ್ತಿ ತನ್ನ ಕಂತುಗಳ ಪಟ್ಟಿಯನ್ನು ಆರ್‌ಎಸ್‌ಎಸ್ ಎಂಬ ಮುಕ್ತ ರೂಪದಲ್ಲಿ ಪ್ರಕಟಿಸುತ್ತದೆ. ಚಂದಾದಾರನ ತಂತ್ರಾಂಶ ಆಗಾಗ ಆ ಪಟ್ಟಿಯನ್ನು ನೋಡಿಬಂದು ಹೊಸ ಕಂತು ಕಂಡರೆ ತಾನೇ ಇಳಿಸಿಕೊಳ್ಳುತ್ತದೆ. ಧ್ವನಿಯ ಕಡತವನ್ನು ಪಟ್ಟಿಯೊಡನೆ ಲಗತ್ತಿಸುವ ಏರ್ಪಾಡನ್ನು ಡೇವ್ ವೈನರ್ 2000ದ ಕೊನೆಯಲ್ಲಿ ಸೇರಿಸಿದರು. ಪಾಡ್‌ಕಾಸ್ಟ್ ಎಂಬ ಹೆಸರನ್ನು ಬೆನ್ ಹ್ಯಾಮರ್ಸ್‌ಲಿ ಎಂಬ ಪತ್ರಕರ್ತರು 2004ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಲೇಖನವೊಂದರಲ್ಲಿ ಮೊದಲು ಬಳಸಿದರು.

ಪಟ್ಟಿ ಮುಕ್ತವಾಗಿದ್ದರೂ ಅದನ್ನು ಓದುವ ಆಪು ಶಾಶ್ವತವಲ್ಲ. 2018ರಲ್ಲಿ ಆರಂಭವಾದ ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿತು. ತಮ್ಮ ಚಂದಾಗಳ ಪಟ್ಟಿಯನ್ನು ಒಪಿಎಂಎಲ್ ಎಂಬ ಕಡತವಾಗಿ ಹೊರತೆಗೆದುಕೊಂಡವರು ಅದನ್ನು ಮತ್ತೊಂದು ಆಪಿಗೆ ಕೊಟ್ಟು ಒಂದೇ ನಿಮಿಷದಲ್ಲಿ ಮನೆ ಬದಲಾಯಿಸಿದರು. ಹಾಗೆ ಮಾಡದವರು ಒಂದೊಂದನ್ನೂ ನೆನಪಿನಿಂದ ಹುಡುಕಬೇಕಾಯಿತು. ಆಂಟೆನಾಪಾಡ್ ಎಂಬ ಮುಕ್ತ ಆಪಿನಲ್ಲಿ ಈ ಕಡತವನ್ನು ಕೊಡುವುದೂ ಪಡೆಯುವುದೂ ಸುಲಭ. ವರ್ಷಕ್ಕೊಮ್ಮೆಯಾದರೂ ಹೊರತೆಗೆದು ಮಿಂಚಂಚೆಯಲ್ಲಿ ತಮಗೆ ತಾವೇ ಕಳಿಸಿಕೊಂಡಿರಬೇಕು.

ಹೊಳೆಯಿಂದ ಕೆರೆಗೆ ಕಾಲುವೆ

ಹರಿಯುತ್ತಿರುವುದನ್ನು ಹಿಡಿದಿಟ್ಟುಕೊಳ್ಳಬಹುದೇ? ಬಹುದು. ವಿಎಲ್‌ಸಿಯಲ್ಲಿ 'ವ್ಯೂ' ಪಟ್ಟಿಯಿಂದ ಹೆಚ್ಚಿನ ನಿಯಂತ್ರಣಗಳನ್ನು ತೆರೆದರೆ ಕೆಂಪು ಗುಂಡಿಯೊಂದು ಕಾಣುತ್ತದೆ. ಅದನ್ನು ಒತ್ತಿದಾಗಿನಿಂದ ಮತ್ತೆ ಒತ್ತುವವರೆಗಿನ ಹರಿವು ಕಡತವಾಗಿ ಉಳಿಯುತ್ತದೆ. ಹಿಂದೆ ಹೇಳಿದ ವಿಳಂಬದ ಕಾರಣ ಗಡಿಯಾರವನ್ನು ನೋಡಿ ನಿಲ್ಲಿಸಿದರೆ ಕೊನೆಯ ಮಾತು ಕತ್ತರಿಸಿಹೋಗುತ್ತದೆ. ಎರಡು ನಿಮಿಷ ಮೊದಲೇ ಆರಂಭಿಸಿ ಎರಡು ನಿಮಿಷ ತಡವಾಗಿ ನಿಲ್ಲಿಸುವುದು ಜಾಣತನ. ವಾರಕ್ಕೊಂದು ಗಂಟೆಯ ನಾಟಕವನ್ನು 64ರ ಹರಿವಿನಲ್ಲಿ ಹಿಡಿದಿಟ್ಟರೆ ವರ್ಷಕ್ಕೆ ಒಂದೂವರೆ ಗಿಗಾಬೈಟ್. ಬೆರಳುಗಾತ್ರದ 16 ಗಿಗಾಬೈಟ್ ಪೆನ್‌ಡ್ರೈವಿನಲ್ಲಿ ಹತ್ತು ವರ್ಷದ ನಾಟಕಗಳು ಕುಳಿತುಕೊಳ್ಳುತ್ತವೆ. ಕಡತಕ್ಕೆ ಹೆಸರಿಡುವಾಗ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಕೊನೆಗೆ ಶೀರ್ಷಿಕೆ ಎಂಬ ಕ್ರಮವನ್ನು ಪಾಲಿಸಿದರೆ ಅವು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

ನ್ಯಾಯದ ಮಾತನ್ನೂ ಹೇಳಬೇಕು. ನಮ್ಮ 1957ರ ಕೃತಿಸ್ವಾಮ್ಯ ಶಾಸನ ತನ್ನ 52ನೆಯ ವಿಧಿಯಲ್ಲಿ ಖಾಸಗಿ ಬಳಕೆಗೆ ನ್ಯಾಯೋಚಿತವಾದ ಅವಕಾಶವನ್ನಿತ್ತಿದೆ. ಆದರೆ ಪ್ರಸಾರ ಮಾಡಿದವರ ಹಕ್ಕು ಪ್ರಸಾರವಾದ ಮರುವರ್ಷದ ಆರಂಭದಿಂದ 25 ವರ್ಷ ನಡೆಯುತ್ತದೆ. ನಾಟಕಕಾರನ ಹಕ್ಕು ಅವನ ಮರಣಾನಂತರವೂ 60 ವರ್ಷ ಬಾಳುತ್ತದೆ. ನಮಗಾಗಿ ಹಿಡಿದಿಟ್ಟುಕೊಂಡು ಕೇಳುವುದು ಒಂದು, ಅದನ್ನು ಊರಿಗೆಲ್ಲ ಹಂಚುವುದು ಇನ್ನೊಂದು.

ಇಷ್ಟನ್ನು ಹೇಳಿಯೂ, ಮನೆಗಳಲ್ಲಿ ಆಗುವ ಈ ಸಣ್ಣ ಸಂಗ್ರಹವನ್ನು ನಾನು ಗೌರವದಿಂದಲೇ ಕಾಣುತ್ತೇನೆ. ಧ್ವನಿಮುದ್ರಣದ ಸೌಕರ್ಯ ಎಲ್ಲೆಡೆಗೂ ಬರುವ ಮೊದಲು ನಿಲಯದಲ್ಲಿ ಕುಳಿತು ನೇರವಾಗಿ ಹಾಡಿದವರ, ಮಾತಾಡಿದವರ ದನಿ ಆಕಾಶದಲ್ಲಿ ಹೊರಟು ಆಕಾಶದಲ್ಲೇ ಲೀನವಾಯಿತು. ಅವರು ಹೇಗೆ ಹಾಡಿದರೆಂಬುದನ್ನು ಕೇಳಿದವರ ನೆನಪೊಂದೇ ಬಲ್ಲುದು, ಆ ನೆನಪುಗಳೂ ಒಂದೊಂದಾಗಿ ಆರುತ್ತಿವೆ.

ಕಿವಿಯೇ ಕಣ್ಣಾದವರಿಗೆ

ತಂತ್ರಾಂಶವನ್ನು ಆರಿಸುವಾಗ ನಾವು ಮರೆಯುವ ಒಂದು ವರ್ಗವಿದೆ. ದೃಷ್ಟಿಯಿಲ್ಲದವರಿಗೆ ಹಳೆಯ ಪೆಟ್ಟಿಗೆ ಪರಮಮಿತ್ರನಾಗಿತ್ತು; ಎರಡು ತಿರುಗಣೆ, ಒಂದು ಗುಂಡಿ, ಮೂರೂ ಬೆರಳಿಗೆ ಪರಿಚಿತ. ನುಣುಪಾದ ಗಾಜಿನ ಮೇಲೆ ಬೆರಳಿಗೆ ಯಾವ ಗುರುತೂ ಇಲ್ಲ. ಪರದೆಯಲ್ಲಿರುವುದನ್ನು ಓದಿಹೇಳುವ ಟಾಕ್‌ಬ್ಯಾಕ್ ಫೋನಿನಲ್ಲಿಯೂ, ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ದೃಷ್ಟಿಹೀನ ಯುವಕರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಕಂಪ್ಯೂಟರಿನಲ್ಲಿಯೂ ಇವೆ. ಆದರೆ ಆಪನ್ನು ಮಾಡಿದವರು ಗುಂಡಿಗಳಿಗೆ ಹೆಸರನ್ನು ಬರೆದಿಡದಿದ್ದರೆ, ಓದುವ ದನಿ 'ಬಟನ್, ಬಟನ್, ಬಟನ್' ಎಂದು ಹೇಳುತ್ತ ಹೋಗುವುದೇ ಹೊರತು ಯಾವುದು ನುಡಿಸುವುದು, ಯಾವುದು ನಿಲ್ಲಿಸುವುದು ಎಂದು ತಿಳಿಸದು. ಥಳಥಳಿಸುವ ಆಪುಗಳು ಅನೇಕ ವೇಳೆ ಈ ಪರೀಕ್ಷೆಯಲ್ಲಿ ಸೋಲುತ್ತವೆ. ಕೀಲಿಮಣೆಯಿಂದಲೇ ಎಲ್ಲವನ್ನೂ ನಡೆಸಬಹುದಾದ ಫೂಬಾರಿನಂತಹ ಸಾದಾ ಪ್ಲೇಯರುಗಳು ಗೆಲ್ಲುತ್ತವೆ. ಮನೆಯ ಹಿರಿಯರಿಗಾಗಿ ಆಪು ಹುಡುಕುವವರು ಟಾಕ್‌ಬ್ಯಾಕನ್ನು ಚಾಲನೆಯಲ್ಲಿಟ್ಟು, ಕಣ್ಣು ಮುಚ್ಚಿಕೊಂಡು, ಒಂದು ನಿಲಯವನ್ನು ಹಚ್ಚಿ ನಿಲ್ಲಿಸಲು ಯತ್ನಿಸಿ ನೋಡಲಿ. ಕಣ್ಣು ಮಂದವಾದವರಿಗೆ ಯಾವುದು ಸುಲಭವೆಂಬುದು ಅದರಿಂದಲೇ ತಿಳಿಯುತ್ತದೆ.

ಮಾವನ ಮನೆಯಲ್ಲಿ

ಕೊನೆಗೆ ಮಾವನ ಫೋನಿನಲ್ಲಿ ಎರಡು ಆಪುಗಳು ನಿಂತುವು. ಹೊಳೆಗೆ 'ಟ್ರಾನ್ಸಿಸ್ಟರ್', ಅದರಲ್ಲಿ ಬೆಂಗಳೂರು, ಮೈಸೂರು, ಧಾರವಾಡ, ಹಾಗೂ ದಿನವಿಡೀ ಶಾಸ್ತ್ರೀಯ ಸಂಗೀತವನ್ನು ಬಿತ್ತರಿಸುವ ಆಕಾಶವಾಣಿಯ 'ರಾಗಂ', ಇಷ್ಟೇ ನಾಲ್ಕು ವಿಳಾಸ. ಕೆರೆಗೆ ಶ್ರವ್ಯಪುಸ್ತಕದ ಪ್ಲೇಯರು. ಅದರಲ್ಲಿ ಅತ್ತೆಯ ನಾಟಕಗಳು. ಅದೇ ನಾಲ್ಕು ವಿಳಾಸಗಳ ಚೀಟಿಯನ್ನು ಚಿಕಾಗೋದ ಮಗಳಿಗೂ ಕಳಿಸಿದೆವು. ಇಲ್ಲಿ ಬೆಳಗಿನ ಏಳು ಗಂಟೆಯಾದಾಗ ಅಲ್ಲಿ ಬೇಸಿಗೆಯ ದಿನಗಳಲ್ಲಿ ಹಿಂದಿನ ಸಂಜೆಯ ಎಂಟೂವರೆ; ಅವಳು ರಾತ್ರಿಯ ಅಡುಗೆ ಮಾಡುತ್ತ ಮೈಸೂರಿನ ಬೆಳಗನ್ನು ಕೇಳುತ್ತಾಳೆ. ಯಾವ ಮೀಡಿಯಂ ವೇವಿನ ಪೆಟ್ಟಿಗೆಯೂ ಅವಳಿಗೆ ಇದನ್ನು ತಲುಪಿಸಲಾರದಾಗಿತ್ತು. ಅತ್ತೆ ಈಗ ಕರೆ ಬಂದರೆ ನಿರಾತಂಕವಾಗಿ ನಾಟಕವನ್ನು ನಿಲ್ಲಿಸಿ ಮಾತಾಡುತ್ತಾರೆ.

ಮೊದಲ ದಿನ ಮಾತ್ರ ಒಂದು ತೊಡಕಾಯಿತು. ವಾರ್ತೆಗೆ ಮುಂಚಿನ ಕಾಲಸೂಚಕ ನಾದ ಫೋನಿನಲ್ಲಿ ಕೇಳಿಬಂದೊಡನೆ ಮಾವ ಕುರ್ಚಿಯ ಮೇಲೆ ನಿಂತು ಗೋಡೆಯ ಗಡಿಯಾರವನ್ನು ನೋಡಿ, ಅದು ಅರ್ಧ ನಿಮಿಷ ಮುಂದಿದೆಯೆಂದು ಮುಳ್ಳನ್ನು ಹಿಂದಕ್ಕೆ ತಿರುಗಿಸಹೊರಟರು. ನಾನು ತಡೆದು, ತುಂಡುಗಳ ವಿಷಯವನ್ನೂ ಹಂಡೆಯ ವಿಷಯವನ್ನೂ ವಿವರಿಸಿದೆ. ಅವರು ಎಲ್ಲವನ್ನೂ ಸಾವಧಾನದಿಂದ ಕೇಳಿ, "ಹಾಗಾದರೆ ಗಡಿಯಾರ ಸರಿಯಾಗೇ ಇದೆ" ಎಂದು ಕೆಳಗಿಳಿದರು. ಗೋಡೆಗೂಡಿನ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುವ ಯೋಚನೆ ಅಲ್ಲಿಗೆ ನಿಂತಿತು. ಈಗಲೂ ಪ್ರತಿ ಬೆಳಗ್ಗೆ ವಾರ್ತೆಗೆ ಒಂದು ನಿಮಿಷ ಮುಂಚೆ ಅದನ್ನು ಹಚ್ಚಿ, ಸಾಸಿವೆಯ ಸಿಡಿತದ ನಡುವಿನಿಂದ ಆ ನಾದವೊಂದನ್ನು ಆರಿಸಿ ಕೇಳಿ, ಗಡಿಯಾರವನ್ನು ನೋಡಿ, ಪೆಟ್ಟಿಗೆಯನ್ನು ಆರಿಸುತ್ತಾರೆ. ಅಷ್ಟರಲ್ಲಿ ಫೋನಿನಲ್ಲಿ ಅದೇ ನಾದ ಬಂದು ಮುಟ್ಟಿ, ವಾರ್ತೆ ಆರಂಭವಾಗುತ್ತದೆ.